ಗುರುತು ಬೀಳದ ಪುಟಗಳು

ಆದೇಶಕ್ಕೆ ಸಹಿ ಹಾಕಿದ ಇಲಾಖೆಯ ಕಾರ್ಯದರ್ಶಿಗಳು ಅವಳನ್ನು ಕರೆದು ಅದನ್ನು ಕೈಗೇ ಕೊಟ್ಟರು. ಮುಂದಿನ ಐದು ವರ್ಷ ಸರ್ಕಾರ ಕಂಪ್ಯೂಟರ್ ಮತ್ತು ನೆಟ್‌ವರ್ಕ್ ಸಂಶೋಧನೆಯಲ್ಲಿ ಯಾವುದಕ್ಕೆ ನೆರವು ಕೊಡಬೇಕು, ಯಾವುದನ್ನು ಕೈಬಿಡಬೇಕು ಎಂದು ಯೋಜನೆ ಬರೆಯುವ ಸಮಿತಿಯ ಆದೇಶ ಅದು. ಅಧ್ಯಕ್ಷೆ, ವಿಶ್ವವಿದ್ಯಾಲಯದ ಒಬ್ಬ ಪ್ರೊಫೆಸರ್. ಸದಸ್ಯ ಕಾರ್ಯದರ್ಶಿ, ಇವಳು. ಆ ಪ್ರೊಫೆಸರ್ ಇವಳ ಒಡಹುಟ್ಟಿದ ತಂಗಿ.

"ಮನೆಯವರೇ ಆದ್ರಲ್ಲ, ಕೆಲಸ ಸಲೀಸಾಗುತ್ತೆ," ಎಂದರು ಕಾರ್ಯದರ್ಶಿಗಳು.

"ತುಂಬಾ ಸಂತೋಷ ಸಾರ್," ಎಂದು ತನ್ನ ಕುರ್ಚಿಗೆ ಬಂದು ಕೂತವಳು ಆದೇಶವನ್ನು ಮೂರು ಸಲ ಓದಿದಳು. ಮೂರು ಸಲವೂ ಅದೇ ಹೆಸರಿತ್ತು.

ಮನೆಯಲ್ಲಿ ಅವಳನ್ನು ಎಲ್ಲರೂ ದೊಡ್ಡವಳು ಎಂದೇ ಕರೆಯುತ್ತಿದ್ದರು. ಯೋಜನಾ ಶಾಖೆಯಲ್ಲಿ ಇಪ್ಪತ್ತೆರಡು ವರ್ಷ ಸವೆಸಿದ್ದಳು. ಹಿಂದಿನ ಮೂರು ಯೋಜನೆಗಳನ್ನು ಮುನ್ನುಡಿಯಿಂದ ಕಡೆಯ ಅಡಿಟಿಪ್ಪಣಿಯವರೆಗೆ ಬರೆದದ್ದು ಅವಳೇ. ರಕ್ಷಾಪುಟದ ಮೇಲೆ ಮಾತ್ರ ಆಯಾ ಅಧ್ಯಕ್ಷರ ಹೆಸರು. ಅವರೆಲ್ಲ ಚಹಾ ಕುಡಿದು, ತಲೆಯಾಡಿಸಿ, ಸಹಿ ಹಾಕಿ ಹೋದ ಹಿರಿಯರು. ಅವರ ಮೇಲೆ ಅವಳಿಗೆ ಎಳ್ಳಷ್ಟೂ ಬೇಸರವಿರಲಿಲ್ಲ. ಊರವರ ಹೆಸರನ್ನೆಲ್ಲ ಸಹಿಸಿಕೊಂಡವಳಿಗೆ ತಂಗಿಯ ಹೆಸರು ನುಂಗಲಾರದ ತುತ್ತಾಯಿತು.

ಇದು ಇವತ್ತಿನ ಉರಿಯಲ್ಲ. ಸಂಶೋಧನೆಗೆ ಸೇರುವ ಪ್ರವೇಶ ಪರೀಕ್ಷೆಯನ್ನು ಇಬ್ಬರೂ ಒಂದೇ ವರ್ಷ ಬರೆದಿದ್ದರು. ದೊಡ್ಡವಳಿಗೆ ಅದು ಎರಡನೆಯ ಸಲ, ತಂಗಿಗೆ ಮೊದಲನೆಯದು. ಕಷ್ಟದ ಪಾಠಗಳನ್ನು ತಂಗಿಗೆ ಬಿಡಿಸಿ ಹೇಳಿದವಳು ಇವಳೇ. ಫಲಿತಾಂಶದ ಪಟ್ಟಿಯಲ್ಲಿ ತಂಗಿ ಇದ್ದಳು, ಇವಳಿರಲಿಲ್ಲ. ಅಮ್ಮ ಅಕ್ಕಪಕ್ಕದವರಿಗೆಲ್ಲ ಸುದ್ದಿ ಹೇಳಿ, "ಪಾಠ ಹೇಳಿಕೊಟ್ಟಿದ್ದು ಮಾತ್ರ ದೊಡ್ಡವಳು" ಎಂದು ಕೊನೆಗೊಂದು ಬಾಲ ಸೇರಿಸುತ್ತಿದ್ದರು. ಆ ಬಾಲವೇ ಅವಳನ್ನು ಹೆಚ್ಚು ಚುಚ್ಚಿದ್ದು.

ಮೊದಲ ಸಭೆಗೆ ತಂಗಿ ಹತ್ತು ನಿಮಿಷ ತಡವಾಗಿ, ಇಸ್ತ್ರಿ ಕಾಣದ ಅಂಗಿಯಲ್ಲಿ ಬಂದಳು. ಕೂತವಳೇ, "ಯಾವ ಕೆಲಸ ಮಾಡಲಿಲ್ಲ ಅಂತ ಐದು ವರ್ಷ ಆದ ಮೇಲೆ ನಾವು ಕೈಕೈ ಹಿಸುಕಿಕೊಳ್ತೀವಿ? ಅದನ್ನ ಮೊದಲು ಹೇಳಿ," ಎಂದಳು. ಸಭೆಗೆ ಬಂದರೆ ತೂಕಡಿಸುತ್ತಿದ್ದ ಇಲಾಖೆಗಳ ಪ್ರತಿನಿಧಿಗಳು ನೆಟ್ಟಗೆ ಕೂತರು. ಒಬ್ಬರ ಮಾತು ಮುಗಿಯುವ ಮುಂಚೆ ಇನ್ನೊಬ್ಬರು ಬಾಯಿ ಹಾಕುವಷ್ಟು ಚರ್ಚೆ ಕಾವೇರಿತು. ನಡಾವಳಿ ಬರೆದುಕೊಳ್ಳುತ್ತಿದ್ದ ದೊಡ್ಡವಳು ಆ ಪ್ರಶ್ನೆಯ ಕೆಳಗೆ ಒತ್ತಿ ಗೆರೆ ಎಳೆದಳು. ಹೆಚ್ಚುಕಡಿಮೆ ಇದೇ ಪ್ರಶ್ನೆಯನ್ನು ಎಂಟು ವರ್ಷದ ಹಿಂದೆ ಅವಳು ಒಂದು ಟಿಪ್ಪಣಿಯಲ್ಲಿ ಬರೆದು ಮೇಲೆ ಕಳಿಸಿದ್ದಳು. ಆಗಿನ ಅಧ್ಯಕ್ಷರು ಆ ಹಾಳೆ ಮಗುಚಿಯೂ ನೋಡಿರಲಿಲ್ಲ.

ಅಷ್ಟು ಸಾಲದೆಂಬಂತೆ ತಂಗಿ ಮೇಜಿನಾಚೆಯಿಂದ, "ಅಕ್ಕ, ಆ ಪ್ರಯೋಗಾಲಯಗಳ ಪಟ್ಟಿ ಕೊಡ್ತೀಯಾ?" ಎಂದಳು. ಎಲ್ಲರೂ ನಕ್ಕರು. ಅವತ್ತಿನಿಂದ ಇಡೀ ಸಮಿತಿಗೆ ಅವಳು ಅಕ್ಕ. ಇಪ್ಪತ್ತೆರಡು ವರ್ಷ ಮೈಗಂಟಿಕೊಂಡಿದ್ದ "ಮೇಡಂ" ಒಂದೇ ಮಧ್ಯಾಹ್ನದಲ್ಲಿ ಉದುರಿಹೋಯಿತು.

ಮೂರು ತಿಂಗಳಲ್ಲಿ ಕರಡು ಸಿದ್ಧವಾಯಿತು. ತಿದ್ದಲು ದೊಡ್ಡವಳ ಮೇಜಿಗೆ ಬಂತು. ಅವಳದು ಕೆಂಪು ಪೆನ್ಸಿಲ್. ಅಲ್ಪವಿರಾಮ ತಪ್ಪಿದರೂ ಬಿಡುವವಳಲ್ಲ. ಮೂರು ಅಧ್ಯಾಯ ಓದುವಷ್ಟರಲ್ಲಿ ಪುಟಗಳೆಲ್ಲ ಕೆಂಪಾದವು. ಬರಹ ಚೆನ್ನಾಗಿತ್ತು, ತನಗಿಂತ ಚೆನ್ನಾಗಿತ್ತು ಎಂಬುದೂ ಅವಳಿಗೆ ಕಾಣುತ್ತಿತ್ತು.

ನಾಲ್ಕನೇ ಅಧ್ಯಾಯಕ್ಕೆ ಬಂದಾಗ ಪೆನ್ಸಿಲ್ ನಿಂತಿತು. ಹೊಸ ನೆಟ್‌ವರ್ಕ್ ತಂತ್ರಗಳನ್ನು ಪರೀಕ್ಷಿಸಲು ಹನ್ನೆರಡು ಪ್ರಯೋಗಾಲಯಗಳನ್ನು ಜೋಡಿಸುವ ಹೊಸ ಮಾರ್ಗ ಹಾಕಬೇಕು ಎಂದು ತಂಗಿ ಬರೆದಿದ್ದಳು. ಆ ಹನ್ನೆರಡರಲ್ಲಿ ಎಂಟಕ್ಕೆ ಹವಾಮಾನ ಇಲಾಖೆ ಆಗಲೇ ಅಂಥದ್ದೇ ಕೇಬಲ್ ಎಳೆಯುತ್ತಿತ್ತು. ಹೋದ ತಿಂಗಳ ಸಮನ್ವಯ ಸಭೆಯಲ್ಲಿ ಆ ವಿಷಯ ಬಂದಾಗ ದೊಡ್ಡವಳು ಅಲ್ಲೇ ಕೂತಿದ್ದಳು. ಒಂದೇ ಕೆಲಸವನ್ನು ಎರಡು ಇಲಾಖೆ ಮಾಡದಂತೆ ನೋಡಿಕೊಳ್ಳಲೆಂದೇ ಈ ಯೋಜನೆ ಇರುವುದು. ಅದೇ ಯೋಜನೆಯಲ್ಲಿ ಇಂಥ ತಪ್ಪು!

ಅಂಚಿನಲ್ಲಿ ಒಂದು ಸಾಲು ಬರೆದಿದ್ದರೆ ಸಾಕಿತ್ತು. ಅವಳು ಪೆನ್ಸಿಲ್ ಕೆಳಗಿಟ್ಟಳು. ಆಮೇಲೆ ಹಾಳೆ ಮಗುಚಿ ಐದನೇ ಅಧ್ಯಾಯಕ್ಕೆ ಹೋದಳು. ನಾನೇನೂ ಸುಳ್ಳು ಹೇಳಲಿಲ್ಲವಲ್ಲ, ಸುಮ್ಮನಿದ್ದೆ ಅಷ್ಟೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಪರಿಶೀಲನಾ ಸಭೆ ದೊಡ್ಡ ಸಭಾಂಗಣದಲ್ಲಿ ನಡೆಯಿತು. ನಾಲ್ಕನೇ ಅಧ್ಯಾಯ ಬಂದಾಗ ಹವಾಮಾನ ಇಲಾಖೆಯ ಎಂಜಿನಿಯರ್ ಕೈಯೆತ್ತಿ, ಎಂಟು ಕಡೆ ತಾವು ಈಗಾಗಲೇ ನೆಲ ಅಗೆಯುತ್ತಿರುವುದನ್ನು ಮೆಲ್ಲಗೆ ತಿಳಿಸಿದರು. ಪಕ್ಕದಲ್ಲೇ ಇನ್ನೊಂದು ಗುಂಡಿ ತೋಡಬೇಕೋ ಎಂದು ಯಾರೋ ಕೇಳಿದರು. ನಗೆ ಎದ್ದಿತು. ಇಂಥ ಸಾದಾ ವಿಷಯ ಸಮಿತಿಗೆ ಗೊತ್ತಿರಲಿಲ್ಲವೇ ಎಂದು ಕಾರ್ಯದರ್ಶಿಗಳು ಮುಖ ಗಂಟಿಕ್ಕಿದರು.

ಈ ಗಳಿಗೆಗಾಗಿ ದೊಡ್ಡವಳು ಒಂದು ವಾರ ಕಾದಿದ್ದಳು. ಕಾದಷ್ಟು ರುಚಿ ಅದಕ್ಕಿರಲಿಲ್ಲ. ತಂಗಿ ಕಿವಿಯವರೆಗೂ ಕೆಂಪಾಗಿದ್ದಳು. ಚಿಕ್ಕಂದಿನಲ್ಲಿ ಲೆಕ್ಕ ತಪ್ಪಿದಾಗ ಹೀಗೇ ಕೆಂಪಾಗಿ ಅಕ್ಕನ ಮುಖ ನೋಡುತ್ತಿದ್ದಳು. ಈಗ ಅವಳು ಅಕ್ಕನ ಕಡೆ ತಿರುಗಲೇ ಇಲ್ಲ.

"ತಪ್ಪು ನನ್ನದು. ಕೇಳಿ ತಿಳಿದುಕೊಳ್ಳಬೇಕಿತ್ತು, ಕೇಳಲಿಲ್ಲ," ಎಂದಳು ತಂಗಿ. ಯೋಜನೆ ಮರಳಿ ಸಮಿತಿಗೆ ಹೋಯಿತು.

ಸಭೆ ಮುಗಿದ ಮೇಲೆ ತಂಗಿ ಮೆಟ್ಟಿಲ ಬಳಿ ಕಾಯುತ್ತಿದ್ದಳು. ಜನರೆಲ್ಲ ಇಳಿದು ಹೋದ ಮೇಲೆ ಕೇಳಿದಳು:

"ನಿಂಗೆ ಗೊತ್ತಿತ್ತು ಅಲ್ವಾ ಅಕ್ಕ?"

"ಯಾರು ಹೇಳಿದ್ರು?"

"ಯಾರೂ ಹೇಳ್ಲಿಲ್ಲ. ಪುಟಪುಟಕ್ಕೂ ಕೆಂಪು ಗೀಚಿದ್ದೀಯ. ನಾಲ್ಕನೇ ಅಧ್ಯಾಯದಲ್ಲಿ ಒಂದೇ ಒಂದು ಗೆರೆ ಇಲ್ಲ. ಅದು ನಿಂಗೆ ಅಷ್ಟು ಹಿಡಿಸ್ತು ಅಂದ್ಕೊಂಡು ಮನೇಲಿ ಹಿಗ್ಗಿದ್ದೆ ನಾನು. ಈಗ ಅರ್ಥ ಆಯ್ತು."

ದೊಡ್ಡವಳ ಮುಂದೆ ಸಬೂಬುಗಳೆಲ್ಲ ಸಾಲಾಗಿ ನಿಂತಿದ್ದವು. ಒಂದನ್ನೂ ಕರೆಯಲು ಮನಸ್ಸಾಗಲಿಲ್ಲ.

"ಹೊಟ್ಟೆಕಿಚ್ಚು," ಎಂದಳು. "ಮೂರು ಯೋಜನೆ ನಾನು ಬರೆದೆ. ಯಾರಿಗೂ ಗೊತ್ತಿಲ್ಲ. ನೀನು ಬಂದು ಒಂದು ಪ್ರಶ್ನೆ ಕೇಳಿದೆ, ಎಲ್ಲರೂ ಎದ್ದು ಕೂತರು."

"ಆ ಮೂರೂ ನೀನು ಬರೆದಿದ್ದು ಅಂತ ನನಗೂ ಯಾವತ್ತೂ ಹೇಳ್ಲಿಲ್ಲವಲ್ಲ."

"ನೀನು ಕೇಳ್ಲಿಲ್ಲ."

ತಂಗಿ ಮೆಟ್ಟಿಲಿಳಿದು ಹೋದಳು. ನಾಲ್ಕು ದಿನ ಫೋನಿಲ್ಲ, ಮಾತಿಲ್ಲ.

ಅಷ್ಟರಲ್ಲಿ ಸಭೆಯ ನಡಾವಳಿ ಬರೆಯುವ ಕೆಲಸ ದೊಡ್ಡವಳ ಪಾಲಿಗೆ ಬಂತು. ಅಧ್ಯಕ್ಷೆ ತಪ್ಪೊಪ್ಪಿಕೊಂಡರು ಎಂಬ ಸಾಲಿನವರೆಗೆ ಸರಾಗವಾಗಿ ಬರೆದಳು. ಮುಂದೆ ಕೈ ಓಡಲಿಲ್ಲ. ಕೊನೆಗೆ ಸದಸ್ಯ ಕಾರ್ಯದರ್ಶಿಯ ಟಿಪ್ಪಣಿ ಎಂದು ಶೀರ್ಷಿಕೆ ಕೊಟ್ಟು, ಹವಾಮಾನ ಇಲಾಖೆಯ ಮಾರ್ಗದ ವಿಷಯ ತನಗೆ ಮೊದಲೇ ತಿಳಿದಿತ್ತು, ಸಮಿತಿಗೆ ತಾನು ತಿಳಿಸಲಿಲ್ಲ ಎಂದು ಕೆಳಗೆ ಸೇರಿಸಿದಳು. ಎಲ್ಲ ಇಲಾಖೆಗೂ ಪ್ರತಿ ಹೋಯಿತು. ಕಾರ್ಯದರ್ಶಿಗಳು ಕರೆಸಿ, ಏರುದನಿಯಿಲ್ಲದೆ ಚೆನ್ನಾಗಿ ನೀರಿಳಿಸಿದರು. ಸಮನ್ವಯ ಸಭೆಯ ಅವಳ ಜಾಗಕ್ಕೆ ಬೇರೊಬ್ಬ ಅಧಿಕಾರಿಯನ್ನು ಹಾಕಿದರು.

ಮರುದಿನ ಬೆಳಿಗ್ಗೆ ತಂಗಿ ಲ್ಯಾಪ್‌ಟಾಪ್ ಹಿಡಿದು ಅವಳ ಕೋಣೆಗೆ ಬಂದಳು. ನಡಾವಳಿಯ ಮಾತೆತ್ತಲಿಲ್ಲ. ಎದುರು ಕುರ್ಚಿ ಎಳೆದುಕೊಂಡು, "ಉಳಿದ ನಾಲ್ಕು ಪ್ರಯೋಗಾಲಯದ ಕಥೆ ಹೇಳು," ಎಂದಳು. ಹತ್ತು ದಿನ ಇಬ್ಬರೂ ಜಗಳವಾಡುತ್ತಲೇ ಆ ಅಧ್ಯಾಯವನ್ನು ಹೊಸದಾಗಿ ಬರೆದರು. ಎಂಟು ಕಡೆ ಹವಾಮಾನ ಇಲಾಖೆಯ ಮಾರ್ಗವನ್ನೇ ಹಂಚಿಕೊಳ್ಳುವುದು, ಯಾರೂ ತಿರುಗಿ ನೋಡದ ದೂರದ ನಾಲ್ಕಕ್ಕೆ ಮಾತ್ರ ಹೊಸದು ಹಾಕುವುದು ಎಂದಾಯಿತು. ಎರಡನೇ ಸಲ ಯೋಜನೆಗೆ ಒಪ್ಪಿಗೆ ಸಿಕ್ಕಿತು.

ಅಚ್ಚಾಗಿ ಬಂದ ಪುಸ್ತಕದ ರಕ್ಷಾಪುಟದ ಮೇಲೆ ತಂಗಿಯ ಹೆಸರೊಂದೇ ಇತ್ತು. ಅಧಿಕಾರಿಗಳ ಹೆಸರು ಹಾಕುವ ಪದ್ಧತಿ ಇಲ್ಲವೆಂದು ಮುದ್ರಣ ಶಾಖೆ ಪಟ್ಟು ಹಿಡಿದಿತ್ತಂತೆ. ತಂಗಿ ಎರಡು ಪತ್ರ ಬರೆದು ಸೋತಿದ್ದಳು. ದೊಡ್ಡವಳಿಗೆ ಅದನ್ನು ಕೇಳಿ ಹಿತವಾಯಿತು, ರಕ್ಷಾಪುಟ ನೋಡಿ ಮತ್ತೆ ಚುರುಕ್ಕೆಂದಿತು. ಎರಡೂ ನಿಜ.

ಪುಸ್ತಕದ ಒಂದು ಪ್ರತಿಯನ್ನು ಮನೆಗೆ ತಂದಾಗ, ಕಣ್ಣು ಮಂಜಾಗಿದ್ದ ಅಮ್ಮ ಸ್ವಲ್ಪ ಓದಿ ಹೇಳು ಎಂದರು. ಅವಳು ನಾಲ್ಕನೇ ಅಧ್ಯಾಯ ತೆಗೆದು ಎರಡು ಪುಟ ಓದಿದಳು. ಅಮ್ಮನಿಗೆ ಎಷ್ಟು ತಿಳಿಯಿತೋ, ಗಲ್ಲಕ್ಕೆ ಕೈಕೊಟ್ಟು ಕೇಳಿಸಿಕೊಂಡರು.

"ಚೆನ್ನಾಗಿದೆ. ಇದನ್ನ ಬರೆದಿದ್ದು ಯಾರು?"

"ನಾನು," ಎಂದಳು ದೊಡ್ಡವಳು. ಹಾಳೆ ಮಗುಚಿದ ಮೇಲೆ, "ಅವಳೂ," ಎಂದಳು.