ಟ್ರಂಪೆಟ್ ಮೋರೆ

ಹಲಗೆ ತಣ್ಣಗಿದೆ, ಬರಿ ಎದೆಗೆ ತಾಗಿದೊಡನೆ ಮೈ ಜುಮ್ಮೆಂದಿತು, ಗದ್ದ ಮೇಲಿಡಿ, ಭುಜ ಮುಂದಕ್ಕೆ ತನ್ನಿ, ಎಕ್ಸ್‌ರೇಯವಳು ಹೇಳಿದ್ದನ್ನೆಲ್ಲ ಅವನು ಮಾಡಿದ — ಇಷ್ಟು ವರ್ಷ ಬ್ಯಾಂಡ್ ಮಾಸ್ಟರ್ ಮಾತಿಗೂ ಇಷ್ಟು ಬಗ್ಗಿದವನಲ್ಲ — ಉಸಿರು ಪೂರ್ತಿ ಎಳ್ಕೊಳ್ಳಿ, ಹಿಡ್ಕೊಳ್ಳಿ, ಅಂದಳು, ಅವನಿಗೆ ನಗು ಬಂತು, ಯಾರಿಗೆ ಹೇಳ್ತಿದ್ದೀಯ ತಾಯಿ, ಮೀನಿಗೆ ಈಜು ಕಲಿಸ್ತೀಯಾ, ಮೆರವಣಿಗೆಯಲ್ಲಿ ಒಂದೇ ಸ್ವರವನ್ನು ಬೀದಿಯ ಈ ತುದಿಯಿಂದ ಆ ತುದಿಗೆ ಹೊತ್ತುಕೊಂಡು ಹೋದ ಟ್ರಂಪೆಟ್ಟಿನವನು ನಾನು, ಎಂದುಕೊಳ್ಳುವಷ್ಟರಲ್ಲಿ ಎದೆಯೊಳಗೆ ಏನೋ ಕೆರೆದು ಕೆಮ್ಮು ಒತ್ತರಿಸಿಕೊಂಡು ಬಂತು, ಚಿತ್ರ ಕೆಟ್ಟಿತು, ಪರವಾಗಿಲ್ಲ ಇನ್ನೊಂದ್ಸಲ ತೆಗೆಯೋಣ, ಸ್ವಲ್ಪ ಸುಧಾರಿಸ್ಕೊಳ್ಳಿ — ಈ ಕೆಮ್ಮು ಇವತ್ತಿನದಲ್ಲ, ಸಿಗರೇಟಿನದು ಬಿಡು ಎಂದು ಸಿಗರೇಟು ಹಚ್ಚಿಕೊಂಡೇ ಸಮಾಧಾನ ಹೇಳಿಕೊಂಡಿದ್ದ, ದನಿ ಗೊಗ್ಗರಾದಾಗ ಡ್ರಮ್ಮಿನವನ ಜೊತೆ ಕಿರುಚಾಡಿದ್ದಕ್ಕೆ ಎಂದ, ಏದುಸಿರು ಬಂದರೆ ಮೆಟ್ಟಿಲು ಕಡಿದಾಗಿದೆ ಎಂದ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಮತ್ತೆ ಆ ಬ್ಯಾಂಡಿನ ಕೆಂಪು ಕೋಟು, ಕತ್ತಿನ ಕೊಕ್ಕೆ ಕೂಡುವುದೇ ಇಲ್ಲ, ಪ್ಯಾಂಟು ಸೊಂಟದಲ್ಲಿ ನಿಲ್ಲುವುದೇ ಇಲ್ಲ, ಲಾಂಡ್ರಿಯವನು ಹಾಳು ಮಾಡಿದ ಕಣೇ, ಎಂದು ಅವನು ದೂರಿದರೆ ಹೆಂಡತಿ, ಹೌದೌದು, ಕತ್ತನ್ನ ಬಿಸಿನೀರಲ್ಲಿ ಒಗೆದ, ಸೊಂಟಾನ ಜಗ್ಗಿ ಒಣಗಿಸಿದ, ಎಂದು ನಕ್ಕಳು, ಅವನೂ ನಕ್ಕ, ಬೆಳಿಗ್ಗೆ ಎದ್ದರೆ ಮುಖ ಬಾತು ಕಣ್ಣು ಗೀಟಿನಂತಾಗಿರುತ್ತಿತ್ತು, ಬಗ್ಗಿ ಬೂಟಿನ ದಾರ ಕಟ್ಟಿದರೆ ತಲೆ ಭಾರವಾಗಿ ಸಿಡಿಯುತ್ತಿತ್ತು, ಕತ್ತಿನ ನರ ಉಬ್ಬಿ ನಿಂತಿತ್ತು, ಅದಕ್ಕೆ ಬ್ಯಾಂಡಿನವರು ಇಟ್ಟ ಹೆಸರು ಟ್ರಂಪೆಟ್ ಮೋರೆ, ಊದುವವನು ಇರುವುದೇ ಹಾಗೆ, ಅವನಿಗೆ ಅದರ ಮೇಲೆ ಹೆಮ್ಮೆಯೇ ಇತ್ತು ಎನ್ನಿ.

ಆಮೇಲೆ ಹಲ್ಲು ಕೀಳಿಸಿಕೊಂಡ, ಗಾಯ ಮಾಯುವವರೆಗೆ ಊದಬೇಡಿ ಎಂದರು ಹಲ್ಲಿನ ಡಾಕ್ಟರು, ಟ್ರಂಪೆಟ್ ಪೆಟ್ಟಿಗೆ ಸೇರಿತು, ಮುಖ ಮಾತ್ರ ಇಳಿಯಲಿಲ್ಲ, ಒಂದು ಬೆಳಿಗ್ಗೆ ಹೆಂಡತಿ ತಿಂಡಿ ತಟ್ಟೆ ಕೈಯಲ್ಲೇ ಹಿಡಿದು ದಿಟ್ಟಿಸಿದಳು, ರೀ, ಟ್ರಂಪೆಟ್ ಮುಟ್ಟದೆ ಇಷ್ಟು ದಿನ ಆಯ್ತು, ಈ ಮೋರೆ ಯಾಕ್ರೀ ಇನ್ನೂ ಡ್ಯೂಟಿ ಮೇಲಿದೆ, ಅಂದಳು, ಅಂದವಳು ನಗಲಿಲ್ಲ, ಅವಳು ನಗದೆ ಇದ್ದದ್ದಕ್ಕೇ ಅವನಿಗೆ ಹೆದರಿಕೆಯಾಯಿತು, ಒಂದೊಂದಕ್ಕೂ ಒಂದೊಂದು ನೆಪ ಹುಡುಕಿದ್ದೆನಲ್ಲ, ಎಲ್ಲಾ ಸೇರಿ ಒಂದೇ ಆಗಿದ್ದರೆ — ಅದೇ ನೋಡಿ, ಎಂದರು ಇವತ್ತು ಎಕ್ಸ್‌ರೇಗೆ ಬರೆದುಕೊಟ್ಟ ಡಾಕ್ಟರಮ್ಮ, ಕೆಮ್ಮು, ದನಿ, ತೂಕ, ಈ ಬಾವು, ಎಲ್ಲಾ ಸೇರಿಸಿ ನೋಡಬೇಕು, ಶ್ವಾಸಕೋಶದ ಗಡ್ಡೆ ದೊಡ್ಡ ರಕ್ತನಾಳಾನ ಒತ್ತಿದ್ರೆ ಹೀಗಾಗುತ್ತೆ, ಸಿಗರೇಟು ಸೇದೋರಿಗೆ ಬರೋ ಸ್ಮಾಲ್ ಸೆಲ್ ಅನ್ನೋ ಕ್ಯಾನ್ಸರ್ ಇದೆ, ಇದು ಅದೇ ಅಂತ ಈಗಲೇ ಹೇಳೋಕಾಗಲ್ಲ, ಆದ್ರೆ ಅದು ಬಲು ಬೇಗ ಹಬ್ಬುತ್ತೆ, ಬೇಗ ಸಿಕ್ಕಿದ್ರೆ ಮದ್ದಿಗೂ ಬಗ್ಗುತ್ತೆ, ನಾಳೆ ಅನ್ನಬೇಡಿ — ಇಷ್ಟು ದೊಡ್ಡ ಮೋರೆ ಮಾಡಿದವನ ಹೆಸರು ಸ್ಮಾಲಾ ಡಾಕ್ಟರೇ, ಎಂದುಬಿಟ್ಟ, ಡಾಕ್ಟರಮ್ಮನಿಗೂ ನಗು ತಡೆಯಲಿಲ್ಲ, ಹೆಂಡತಿ ಮೇಜಿನಡಿ ಅವನ ಕಾಲು ತುಳಿದಳು, ಬದುಕಬೇಕು ಅನ್ನಿಸಿತು ಅವನಿಗೆ, ಇವಳ ಹತ್ತಿರ ಇನ್ನೂ ಎಷ್ಟೋ ಸಲ ಕಾಲು ತುಳಿಸಿಕೊಳ್ಳಬೇಕು — ರೆಡಿನಾ, ಅಂದಳು ಎಕ್ಸ್‌ರೇಯವಳು, ಉಸಿರು ಎಳ್ಕೊಳ್ಳಿ, ಎಳೆದ, ಹಿಡ್ಕೊಳ್ಳಿ, ಹಿಡಿದ, ಹಲಗೆಯ ಮೇಲಿಂದ ಕಣ್ಣಿಗೆ ನೇರವಾಗಿ ಬಾಗಿಲ ಗಾಜು, ಅದರಾಚೆ ಹೆಂಡತಿ, ಅವನ ಅಂಗಿಯನ್ನು ಅವಚಿಕೊಂಡು ನಿಂತವಳು, ಒಳಗಿನ ಕೂಗು ತನಗೇ ಎಂಬಂತೆ ಅವಳೂ ಉಸಿರು ಹಿಡಿದಿದ್ದಾಳೆ, ಎರಡೂ ಕೆನ್ನೆ ಉಬ್ಬಿಸಿಕೊಂಡು, ಕಣ್ಣರಳಿಸಿಕೊಂಡು, ಹುಚ್ಚಿ, ಕೆನ್ನೆಯಲ್ಲಲ್ಲ ಕಣೇ ಹಿಡಿಯೋದು, ನಗಬಾರದು, ಕೆಮ್ಮಬಾರದು, ಎದೆ ಕೆರೆಯುತ್ತಿದೆ, ಕೆರೆಯಲಿ, ನಾನು ಬಿಟ್ಟರೆ ಇವಳು ಮತ್ತೆ ಮೊದಲಿಂದ ಹಿಡಿಯುತ್ತಾಳೆ, ಕೆಂಪಾಗುತ್ತಿವೆ ಆ ಕೆನ್ನೆ, ಹಿಡಿ, ಇನ್ನೂ ಬಿಟ್ಟಿಲ್ಲ ಅವಳು, ಹಿಡಿ, ಆ ಎರಡು ಕೆನ್ನೆ —