ಬಿಸಿಯಾದರೆ ಮಾತ್ರ ಹಿಡಿಯುವ ಬ್ರೇಕು

ಸಯನ್ ಸ್ಟೇಷನ್ನಿನಿಂದ ಹತ್ತು ನಿಮಿಷ ನಡೆದರೆ ಸಿಗುವ ಆ ತಗಡಿನ ಶೆಡ್ಡಿಗೆ ಬೋರ್ಡು ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಬ್ರೇಕ್ ಶರೀಫ ಎಲ್ಲಿ ಎಂದು ಯಾವ ಟ್ಯಾಕ್ಸಿಯವನನ್ನು ಕೇಳಿದರೂ ಬೆರಳು ತೋರಿಸುತ್ತಿದ್ದ. ತಾಳಿಕೋಟೆ ಕಡೆಯ ಶರೀಫ ಮುಂಬಯಿಗೆ ಬಂದು ಇಪ್ಪತ್ತೆರಡು ವರ್ಷವಾಗಿತ್ತು. ಇಂಜಿನ್ನು, ಗೇರು, ಬಣ್ಣ ಯಾವುದನ್ನೂ ಅವನು ಮುಟ್ಟುತ್ತಿರಲಿಲ್ಲ. ಓಡಿಸುವ ಕೆಲಸ ಎಲ್ಲರೂ ಮಾಡುತ್ತಾರೆ, ನಾನು ನಿಲ್ಲಿಸುವ ಕೆಲಸ ಮಾಡುತ್ತೇನೆ ಎಂದು ಬಂದವರಿಗೆಲ್ಲ ಹೇಳುತ್ತಿದ್ದ. ಈ ಮಾತಿನ ಜಂಬ ಅವನಿಗೆ ತುಸು ಹೆಚ್ಚೇ ಇತ್ತು. ಅದು ಇಳಿದ ಬಗೆಯನ್ನು ನೆನೆದರೆ ಈಗಲೂ ಅವನು ಥೂ ಎಂದು ಉಗುಳುತ್ತಾನೆ.

ಶೆಡ್ಡಿನಲ್ಲಿ ಒಂದು ಕಟ್ಟಳೆಯಿತ್ತು. ಅದು ಅವನ ಉಸ್ತಾದನಿಂದ ಬಂದದ್ದು. ಬ್ರೇಕಿನ ಕೆಲಸ ಮುಗಿದ ಗಾಡಿಯನ್ನು ಮೊದಲು ಚೆಂಬೂರಿನವರೆಗೆ ಓಡಿಸಬೇಕು, ದಾರಿಯುದ್ದಕ್ಕೂ ಪೆಡಲ್ ಒತ್ತಿ ಒತ್ತಿ ಬ್ರೇಕು ಕಾಯಿಸಬೇಕು, ವಾಪಸು ಬಂದ ಮೇಲೆ ಸಯನ್ ಕೋಟೆಯ ಹತ್ತಿರದ ಇಳಿಜಾರಿನಲ್ಲಿ ಪರೀಕ್ಷೆ. ಉಜ್ಜಿ ಹಿಡಿಯುವ ಹೊಸ ಲೈನರು ಪಟ್ಟಿ ಚಕ್ರದೊಳಗಿನ ಡ್ರಮ್ಮಿಗೆ ಹೊಂದಿಕೊಳ್ಳಬೇಕಾದರೆ ಹಾಗೆ ಮಾಡಲೇಬೇಕು. ಕಾಯಿಸದೆ ಬ್ರೇಕು ನೋಡುವವನು ಹಸಿ ಮಡಕೆಯಲ್ಲಿ ನೀರು ತರುವವನು ಎಂದು ಉಸ್ತಾದ ಬೈಯುತ್ತಿದ್ದ. ಶರೀಫ ಈ ಕಟ್ಟಳೆಯನ್ನು ಐದು ಹೊತ್ತಿನ ನಮಾಜಿನಷ್ಟೇ ನಿಯತ್ತಿನಿಂದ ಪಾಲಿಸಿಕೊಂಡು ಬಂದಿದ್ದ.

ಬಾಂಗ್ಲಾ ಯುದ್ಧ ಮುಗಿದ ಮರುವರ್ಷ ಗುರಲಿಂಗಪ್ಪ ಶೆಡ್ಡಿಗೆ ಬಂದ. ಬಾಗಲಕೋಟೆ ಕಡೆಯವನು, ಪವಾಯಿಯಲ್ಲಿ ಕಟ್ಟಡ ಕಟ್ಟಿಸುವ ಕಂತ್ರಾಟುದಾರ, ಸಯನ್ನಿನಲ್ಲಿಯೇ ಮನೆ. ನಮ್ಮ ಕಡೆಯವನು, ಬಾಯಿ ತುಂಬ ಕನ್ನಡ ಮಾತಾಡುತ್ತಾನೆ ಎಂದು ಶರೀಫನಿಗೆ ಖುಷಿಯಾಗಿತ್ತು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿಯುತ್ತಾನಂತೆ. ಈ ಪುಣ್ಯಾತ್ಮ ಕೊಡೆಯ ಬದಲು ಸ್ಟೀರಿಂಗ್ ಹಿಡಿದಿದ್ದ. ಜುಹೂ ಏರೋಡ್ರೋಮಿನಲ್ಲಿ ನಡೆಯುವ ಕಾರ್ ರೇಸಿನ ಹುಚ್ಚು ಅವನ ತಲೆಗೇರಿತ್ತು. ವಾರವೆಲ್ಲ ಡ್ರೈವರ್ ಖಂಡಪ್ಪ ಓಡಿಸುವ ಹೆರಾಲ್ಡ್ ಕಾರನ್ನೇ ಭಾನುವಾರ ತಾನು ರೇಸಿಗೆ ಓಡಿಸುತ್ತಿದ್ದ.

ಹರಾಜಿಗೆ ಬಂದ ಯಾವುದೋ ಪರದೇಶಿ ಗಾಡಿಯಿಂದ ಅವನು ಮುಂಚಕ್ರದ ಡಿಸ್ಕ್ ಬ್ರೇಕುಗಳನ್ನು ಕೊಂಡು ತಂದಿದ್ದ. ಡ್ರಮ್ಮಿನ ಬದಲು ಊಟದ ತಾಟಿನಂಥ ಉಕ್ಕಿನ ತಟ್ಟೆ, ಅದನ್ನು ಎರಡು ಕಡೆಯಿಂದ ಕಚ್ಚಿ ಹಿಡಿಯುವ ಪ್ಯಾಡುಗಳು. ಪ್ಯಾಡುಗಳು ಎರಡು ಜೊತೆ ಇದ್ದವು. ಒಂದು ಜೊತೆ ರಸ್ತೆಗೆ, ಮೆತ್ತನೆಯದು. ಇನ್ನೊಂದು ರೇಸಿಗೆ, ಉಗುರು ಇಳಿಯದಷ್ಟು ಗಟ್ಟಿ. ಯಾವುದೋ ವಿಲಾಯತಿ ಪತ್ರಿಕೆಯ ಚಿತ್ರ ತೋರಿಸಿ, ತಟ್ಟೆಗೆ ಜರಡಿಯ ಹಾಗೆ ತೂತು ಕೊರೆಯಬೇಕೆಂದೂ ಗುರಲಿಂಗಪ್ಪ ಹಟ ಹಿಡಿದ. ಹಳೇ ಉಕ್ಕು, ತೂತಿನಿಂದಲೇ ಸೀಳು ಬಿಡುತ್ತದೆ, ಅದು ನನ್ನ ಕೈಯಲ್ಲಿ ಆಗುವುದಿಲ್ಲ ಎಂದು ಶರೀಫ ಖಡಾಖಂಡಿತವಾಗಿ ಹೇಳಿದ. ಪ್ಯಾಡಿನ ವಿಷಯದಲ್ಲಿ ಮಾತ್ರ ಅವನಿಗೆ ಅನುಭವ ಸಾಲದಾಗಿತ್ತು. ಎರಡು ಪಿನ್ನು ಎಳೆದರೆ ಪ್ಯಾಡು ಕೈಗೆ ಬರುತ್ತದೆ, ಶನಿವಾರ ಹಾಕಿ ಸೋಮವಾರ ಬದಲಿಸಿದರಾಯಿತು, ಹತ್ತು ನಿಮಿಷದ ಕೆಲಸ ಎಂದುಕೊಂಡ.

ರೇಸಿನ ಪ್ಯಾಡು ಹಾಕಿ, ಕಟ್ಟಳೆಯಂತೆ ಚೆಂಬೂರಿಗೆ ಹೋಗಿ ಬಂದು ಇಳಿಜಾರಿನಲ್ಲಿ ಒತ್ತಿದ. ಗಾಡಿ ಗೂಟ ಹೊಡೆದ ಹಾಗೆ ನಿಂತಿತು. ಅಂಥ ಬ್ರೇಕನ್ನು ಅವನು ಜನ್ಮದಲ್ಲಿ ಕಂಡಿರಲಿಲ್ಲ. ಬಾಯಿಬಿಟ್ಟು ಹೊಗಳಿದ. ಹಾಗಿದ್ದರೆ ಮತ್ತೇಕೆ ಬದಲಿಸುವುದು, ವಾರವೆಲ್ಲ ಇದೇ ಇರಲಿ ಎಂದ ಗುರಲಿಂಗಪ್ಪ. ಶರೀಫ ಒಪ್ಪಿ ಗೋಣು ಆಡಿಸಿದ.

ಎರಡು ವಾರದ ಮೇಲೆ ಖಂಡಪ್ಪ ಪವಾಯಿಯಿಂದ ಬರುತ್ತಾ ಶೆಡ್ಡಿನ ಮುಂದೆ ಗಾಡಿ ನಿಲ್ಲಿಸಿದ. ನಲವತ್ತು ದಾಟಿದ, ತಗ್ಗಿಸಿದ ತಲೆ ಎತ್ತದ ಮನುಷ್ಯ. ಬೆಳಿಗ್ಗೆ ಮೊದಲ ಸಲ ತುಳಿದರೆ ಪೆಡಲು ಕಲ್ಲಿನಂತಿರುತ್ತದೆ, ಗಾಡಿ ನಿಲ್ಲುವುದೇ ಇಲ್ಲ ಎಂದು ಹೇಳಿಕೊಂಡ. ಶರೀಫ ಆಗಿಂದಾಗಲೇ ಗಾಡಿ ಹತ್ತಿ ಇಳಿಜಾರಿಗೆ ಒಯ್ದ. ಗೂಟ ಹೊಡೆದ ಹಾಗೆ ನಿಂತಿತು. ನಿನ್ನ ಕಾಲಿನಲ್ಲಿ ಜೀವ ಇಲ್ಲ, ಎರಡು ರೊಟ್ಟಿ ಹೆಚ್ಚು ತಿನ್ನು ಎಂದು ಗೇಲಿ ಮಾಡಿ ಕಳಿಸಿದ. ಹೋಗುವ ಮುಂಚೆ ಖಂಡಪ್ಪ ಇನ್ನೊಂದು ಮಾತು ಹೇಳಿದ. ಹೊಸ ಬ್ರೇಕು ಬಂದಾಗಿನಿಂದ ಸಾವಕಾರರಿಗೆ ದೇವರ ಮೇಲೆ ಭಕ್ತಿ ಹೆಚ್ಚಾಗಿದೆ, ದಿನಾ ಮುಂಜಾನೆ ಅವರು ಹೊರಡುವ ಮೊದಲು ನಾನು ಇದೇ ಗಾಡಿಯಲ್ಲಿ ಮಾಟುಂಗಾಕ್ಕೆ ಹೋಗಿ ಪೂಜೆಯ ಹೂ ತರಬೇಕು ಎಂದ. ಒಳ್ಳೆಯದಾಯಿತಲ್ಲ ಎಂದ ಶರೀಫ.

ಹಾಗೆ ಹೂ ತರಲು ಹೊರಟ ಒಂದು ಬೆಳಿಗ್ಗೆಯೇ ಅನಾಹುತ ಆಯಿತು. ಗುರಲಿಂಗಪ್ಪನ ಮನೆಯಿದ್ದ ಬಿಲ್ಡಿಂಗಿನ ಗೇಟಿನ ಹೊರಗೆ ಹನುಮವ್ವ ಎಂಬ ಮುದುಕಿ ಸೊಪ್ಪು ಮಾರಲು ಕೂರುತ್ತಿದ್ದಳು, ಅವಳೂ ವಿಜಾಪುರದ ಕಡೆಯವಳೇ. ಗೇಟಿನ ಇಳುಕಲಿನಲ್ಲಿ ಖಂಡಪ್ಪ ಬ್ರೇಕಿನ ಮೇಲೆ ನಿಂತೇಬಿಟ್ಟರೂ ಗಾಡಿ ಹೋಗುತ್ತಲೇ ಇತ್ತು. ಮುದುಕಿಯ ಬಲಗಾಲಿನ ಹರಡು ಪುಡಿಯಾಯಿತು. ಆಸ್ಪತ್ರೆಯವರು ಕಾಲು ಉಳಿಸಿದರು, ನಡಿಗೆ ಉಳಿಯಲಿಲ್ಲ.

ಠಾಣೆಯಲ್ಲಿ ಗುರಲಿಂಗಪ್ಪ ಹೇಳಿದ್ದು ಇಷ್ಟು: ಬ್ರೇಕು ಹೊಸದು, ವಿಲಾಯತಿಯದು, ಡ್ರೈವರನೇ ಕುಡಿದಿದ್ದ. ಸಬ್ ಇನ್ಸ್‌ಪೆಕ್ಟರ್ ಖಂಡಪ್ಪನ ಲೈಸೆನ್ಸು ಕಿತ್ತಿಟ್ಟುಕೊಂಡು ಬ್ರೇಕ್ ಶರೀಫನನ್ನು ಕರೆಸಿದ. ಶರೀಫ ಬಂದವನೇ ತನ್ನ ಕಟ್ಟಳೆ ಬಿಡಲಿಲ್ಲ. ಗಾಡಿಯನ್ನು ಚೆಂಬೂರಿಗೆ ಒಯ್ದು, ಕಾಯಿಸಿ, ತಂದು ಪರೀಕ್ಷೆ ಮಾಡಿ, ಬ್ರೇಕು ಫಸ್ಟ್ ಕ್ಲಾಸ್ ಎಂದು ಹೇಳಿ ಕಾಗದಕ್ಕೆ ಸಹಿ ಹಾಕಿದ. ಬೆಂಚಿನ ಮೇಲೆ ಕೂತಿದ್ದ ಖಂಡಪ್ಪ ಅವನ ಮುಖವನ್ನೇ ನೋಡುತ್ತಿದ್ದ. ಶೇಂದಿಯ ವಾಸನೆ ಕೂಡ ಆಗದ ಮನುಷ್ಯ ಇವನು ಎಂದು ಶರೀಫನಿಗೆ ಗೊತ್ತಿತ್ತು. ಆದರೂ ಬ್ರೇಕಿನ ಮೇಲಿನ ನಂಬಿಕೆ ಆ ಹೊತ್ತಿನಲ್ಲಿ ಮನುಷ್ಯನ ಮೇಲಿನ ನಂಬಿಕೆಗಿಂತ ದೊಡ್ಡದಾಗಿ ಕಂಡಿತು.

ನೆಗ್ಗಿದ ಬಂಪರು ಸರಿ ಮಾಡಿಸಲು ಗಾಡಿ ಶೆಡ್ಡಿಗೆ ಬಂತು. ಪಕ್ಕದ ತಗಡು ಬಡಿಯುವವನು ಮಾರನೆಯ ದಿನ ಬರುತ್ತೇನೆಂದ, ಗಾಡಿ ರಾತ್ರಿ ಅಲ್ಲೇ ಉಳಿಯಿತು. ಬೆಳಿಗ್ಗೆ ಬೇರೆ ಗಾಡಿಗೆ ಜಾಗ ಮಾಡಲೆಂದು ಶರೀಫ ಅದನ್ನು ನಾಲ್ಕು ಮಾರು ಹಿಂದೆ ಬಿಟ್ಟು ಬ್ರೇಕು ತುಳಿದ. ಪೆಡಲು ಕಲ್ಲು. ಗಾಡಿ ತನ್ನ ಪಾಡಿಗೆ ತಾನು ಹೋಗಿ ನೀರಿನ ಪೀಪಾಯಿ ಉರುಳಿಸಿ, ಗೋಡೆಗೆ ತಾಗಿ ನಿಂತಿತು. ಪೀಪಾಯಿಯ ನೀರೆಲ್ಲ ಗಾಡಿಯಡಿ ಹರಿಯುತ್ತಿದ್ದರೂ ಶರೀಫ ಸೀಟಿನಿಂದ ಏಳಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ತಣ್ಣಗಿರುವ ಬ್ರೇಕನ್ನು ತಾನು ಒಂದು ಸಲವೂ ಪರೀಕ್ಷಿಸಿಲ್ಲ ಎಂಬುದು ಅವನಿಗೆ ಆಗ ಹೊಳೆಯಿತು. ಖಂಡಪ್ಪನ ಕಾಲಿಗೆ ಮಾಡಿದ ಗೇಲಿ ನೆನಪಾಗಿ ತನ್ನ ಮೇಲೆ ತನಗೇ ಹೇಸಿಗೆ ಹುಟ್ಟಿತು.

ಅವನು ನೇರ ಗುರಲಿಂಗಪ್ಪನ ಮನೆಗೆ ಹೋದ. ಸಾವಕಾರ ಉಪ್ಪಿಟ್ಟು ತಿನ್ನುತ್ತಾ ಕೂತಿದ್ದ. ಹಿಂದಿನ ಗೋಡೆಯ ಹಲಗೆಯ ಮೇಲೆ ರೇಸಿನಲ್ಲಿ ಗೆದ್ದ ಎರಡು ಬೆಳ್ಳಿ ಕಪ್, ಅವುಗಳ ಕೊರಳಿಗೆ ಮಾಟುಂಗಾದ ಬಾಡಿದ ಹೂವಿನ ಹಾರ. ದೇವರ ಫೋಟೋ ಎಲ್ಲಿಯೂ ಕಾಣಲಿಲ್ಲ. ಶರೀಫ ನಿಂತುಕೊಂಡೇ ತಾನು ಕಂಡದ್ದನ್ನು ಹೇಳಿದ. ತಪ್ಪು ಪ್ಯಾಡಿನದು, ಅದನ್ನು ತಿಳಿಯದೆ ಹಾಕಿದ ತನ್ನದು, ಖಂಡಪ್ಪನದು ಅಲ್ಲವೇ ಅಲ್ಲ ಎಂದ. ಗುರಲಿಂಗಪ್ಪ ಗಾಬರಿಯಾದಾನು ಎಂದುಕೊಂಡಿದ್ದ. ಸಾವಕಾರ ಮಾತ್ರ ಉಪ್ಪಿಟ್ಟಿನ ಗೋಡಂಬಿಗಳನ್ನು ಒಂದೊಂದಾಗಿ ಹುಡುಕಿ ಬಾಯಿಗೆ ಹಾಕಿಕೊಳ್ಳುತ್ತಿದ್ದ.

'ಅದು ಪ್ಯಾಡಿನ ಡಬ್ಬಿಯೊಳಗಿನ ಚೀಟಿ ಮ್ಯಾಲೇ ಬರದದ, ಶರೀಫಸಾಬ. ತಣ್ಣಗಿದ್ದಾಗ ಹಿಡಿಯಂಗಿಲ್ಲ, ರಸ್ತಾಕ್ಕ ಹಾಕಬ್ಯಾಡ ಅಂತ. ಇಂಗ್ಲೀಷಿನ್ಯಾಗ ಅದ, ನಾ ಓದೇನಿ.'

'ಓದಿ ನನಗ ಯಾಕ ಹೇಳಲಿಲ್ರಿ?'

'ಹೇಳಿದ್ರ ನೀ ಬಿಚ್ಚಿ ಇಡ್ತಿದ್ದಿ. ವಾರಾ ವಾರಾ ಬಿಚ್ಚಿ ಹಾಕೋ ತ್ರಾಸ ಯಾಂವಗ ಬೇಕು? ನಾ ಕೂಡೂ ಹೊತ್ತಿಗೆ ಬಿಸಿ ಆಗಿರ್ತದ, ಆತಲ್ಲ.'

ಹೂವಿನ ಭಕ್ತಿ ಯಾವ ಜಾತಿಯದೆಂದು ಶರೀಫನಿಗೆ ಆಗ ತಿಳಿಯಿತು. ಸಾವಕಾರ ಗಾಡಿಯಲ್ಲಿ ಕೂರುವ ಮೊದಲು ಬ್ರೇಕು ಬಿಸಿಯಾಗಿರಬೇಕು. ಅದನ್ನು ಕಾಯಿಸಲು ಒಬ್ಬ ಖಂಡಪ್ಪ ಇದ್ದಾನೆ. ಕಾಯುವವರೆಗೆ ರಸ್ತೆಯಲ್ಲಿ ಯಾರು ಸತ್ತರೂ ಇವನಿಗೆ ಸಂಬಂಧವಿಲ್ಲ. ಮುದುಕಿಯೇನೂ ಸತ್ತಿಲ್ಲವಲ್ಲ, ನೀನು ಸಹಿ ಹಾಕಿ ಆಗಿದೆ, ಈಗ ತಿರುಗಿ ಮಾತಾಡಿದರೆ ನಿನ್ನದೇ ಹೆಸರು ಕೆಡುತ್ತದೆ ಎಂದು ಗುರಲಿಂಗಪ್ಪ ಬುದ್ಧಿ ಬೇರೆ ಹೇಳಿದ. ಹೆಂಡತಿಯನ್ನು ಕರೆದು ಶರೀಫನಿಗೂ ಒಂದು ತಾಟು ಉಪ್ಪಿಟ್ಟು ತರಲು ಹೇಳಿದ. ತಾಟು ಬರುವ ಮೊದಲೇ ಶರೀಫ ಮೆಟ್ಟಿಲಿಳಿದ. ಕೆಳಗೆ ಬಂದು ಗಟಾರಕ್ಕೆ ಮೂರು ಸಲ ಉಗುಳಿದರೂ ಬಾಯಿ ಸ್ವಚ್ಛವಾಗಲಿಲ್ಲ.

ನಮ್ಮ ಕಡೆಯವನು ಎಂದು ಹಿಗ್ಗಿದ್ದೆನಲ್ಲ, ಥೂ. ದಾರಿಯುದ್ದಕ್ಕೂ ಅವನ ಬಾಯಲ್ಲಿ ಇದೊಂದೇ ಮಾತು. ಆದರೆ ಹೆಸರು ಕೆಡುತ್ತದೆ ಎಂದದ್ದು ಸುಳ್ಳಾಗಿರಲಿಲ್ಲ. ಬ್ರೇಕ್ ಶರೀಫನಿಗೆ ಬ್ರೇಕೇ ತಿಳಿಯಲಿಲ್ಲವಂತೆ ಎಂದು ಟ್ಯಾಕ್ಸಿಯವರು ನಗುತ್ತಾರೆ, ಶೆಡ್ಡಿನ ಮುಂದೆ ಗಾಡಿ ನಿಲ್ಲುವುದು ಕಡಿಮೆಯಾಗುತ್ತದೆ. ಹೇಳದಿದ್ದರೆ ಖಂಡಪ್ಪ ಲೈಸೆನ್ಸಿಲ್ಲದೆ, ಕುಡುಕನೆಂಬ ಹೆಸರು ಹೊತ್ತು, ಜೈಲಿಗೂ ಹೋದಾನು. ಶರೀಫ ಠಾಣೆಯ ಮುಂದೆ ಎರಡು ಚಹಾ ಕುಡಿದು, ಎರಡೂ ಕಹಿಯೆನಿಸಿ, ಒಳಗೆ ಹೋದ.

ಸಬ್ ಇನ್ಸ್‌ಪೆಕ್ಟರ್ ಮರಾಠಿಯವನು. ಬಿಸಿಯಾದರೆ ಹಿಡಿಯುತ್ತದೆ, ತಣ್ಣಗಿದ್ದರೆ ಹಿಡಿಯುವುದಿಲ್ಲ ಎಂಬ ಮಾತು ಅವನಿಗೆ ಕಟ್ಟುಕಥೆಯಂತೆ ಕೇಳಿಸಿತು. ಡ್ರೈವರ್ ನಿನಗೆ ಏನಾಗಬೇಕು ಎಂದು ಎರಡು ಸಲ ಕೇಳಿದ. ನಾಳೆ ಬೆಳಿಗ್ಗೆ ಬಂದು ಕಣ್ಣಾರೆ ನೋಡಿ, ಅಲ್ಲಿಯವರೆಗೆ ಗಾಡಿಯನ್ನು ಯಾರೂ ಮುಟ್ಟುವುದಿಲ್ಲ ಎಂದ ಶರೀಫ. ನೋಡೋಣ, ಮಾಲೀಕನೂ ಬರಲಿ ಎಂದ ಇನ್ಸ್‌ಪೆಕ್ಟರ್.

ಮರುದಿನ ಏಳು ಗಂಟೆಗೆ ಎಲ್ಲರೂ ಶೆಡ್ಡಿನ ಮುಂದೆ ಸೇರಿದರು. ಇನ್ಸ್‌ಪೆಕ್ಟರ್ ಸ್ಟೂಲಿನ ಮೇಲೆ, ಗುರಲಿಂಗಪ್ಪ ಇಸ್ತ್ರಿಯ ಬಿಳಿ ಬಟ್ಟೆಯಲ್ಲಿ, ಖಂಡಪ್ಪ ದೂರದ ಕಂಬಕ್ಕೆ ಆತುಕೊಂಡು. ಗುರಲಿಂಗಪ್ಪ ತನ್ನ ಹರಕು ಹಿಂದಿಯಲ್ಲಿ ಮೊದಲೇ ಶುರು ಮಾಡಿದ. ಬ್ರೇಕು ಚೊಕ್ಕವಾಗಿದೆ, ಈ ಮೇಸ್ತ್ರಿಯೇ ಸಹಿ ಹಾಕಿದ್ದಾನೆ, ಈಗ ಬೇಕೆಂದೇ ಮೆಲ್ಲಗೆ ತುಳಿದು ನಾಟಕ ಮಾಡುತ್ತಾನೆ, ಅದನ್ನು ನಂಬಬೇಡಿ ಎಂದ. ಇನ್ಸ್‌ಪೆಕ್ಟರಿಗೆ ಆ ಮಾತು ಹೌದೆನಿಸಿತು. ಎಷ್ಟು ಜೋರಾಗಿ ತುಳಿದೆ ಎಂದು ನಾನು ಹೇಗೆ ತಿಳಿಯಲಿ ಎಂದು ಅವನು ಶರೀಫನನ್ನು ಕೇಳಿದ.

ಪೆಡಲಿನ ಮೇಲಿನ ಕಾಲು ಹೊರಗಿನವರಿಗೆ ಕಾಣುವುದಿಲ್ಲ, ಖಂಡಪ್ಪನ ಕಾಲು ತನಗೆ ಕಂಡಿತ್ತೇ ಎಂದುಕೊಂಡ ಶರೀಫ. ಕೀಲಿ ಹಿಡಿದು ಗಾಡಿಯೊಳಗೆ ಕೂತು ಇಂಜಿನ್ ಶುರು ಮಾಡಿ, ಕಿಟಕಿಯಿಂದ ತಲೆ ಹೊರಗೆ ಹಾಕಿದ.

'ಸಾವಕಾರ್ರ, ಬ್ರೇಕು ಚೊಕ್ಕ ಅದ ಅಂತೀರಲ್ಲ. ಹತ್ತು ಮಾರು ದೂರ ಹೋಗಿ ಗಾಡಿ ಮುಂದ ನಿಂದರ್ರಿ. ತುಳಿಯಾಕ ಈ ಇನ್ಸ್‌ಪೆಕ್ಟರ್ ಸಾಹೇಬರನ್ನೇ ಕೂಡಸ್ತೀನಿ.'

ಇನ್ಸ್‌ಪೆಕ್ಟರನಿಗೂ ಅದನ್ನೇ ಹಿಂದಿಯಲ್ಲಿ ಹೇಳಿದ. ಇನ್ಸ್‌ಪೆಕ್ಟರ್ ಸ್ಟೂಲಿನಿಂದ ಎದ್ದು, ಮೀಸೆಯಲ್ಲೇ ನಕ್ಕು, ಗುರಲಿಂಗಪ್ಪನ ಕಡೆ ತಿರುಗಿದ. ಗುರಲಿಂಗಪ್ಪನ ಮುಖ ಇಳಿಯಿತು. ಬಟ್ಟೆ ಕೊಳೆಯಾಗುತ್ತದೆ ಎಂದ, ಸೈಟಿಗೆ ಹೊತ್ತಾಯಿತು ಎಂದ, ಎರಡು ಹೆಜ್ಜೆ ಹಿಂದೆ ಸರಿದು ಶೆಡ್ಡಿನ ಕಟ್ಟೆ ಹತ್ತಿ ನಿಂತ. ಅಲ್ಲಿಂದ ಕನ್ನಡದಲ್ಲಿ, ಮನೆಯಲ್ಲಿ ನೀರು ತರಲು ಹೇಳುವ ದನಿಯಲ್ಲಿ, ಹೇಳಿದ:

'ನಾ ಯಾಕ ನಿಂದರಲಿ? ಖಂಡಪ್ಪ ನಿಂದರತಾನ. ಏ ಖಂಡ್ಯಾ, ಹೋಗಲೇ.'

ಏನಂದ ಎಂದು ಇನ್ಸ್‌ಪೆಕ್ಟರ್ ಕೇಳಿದ. ಶರೀಫ ಒಂದಕ್ಷರ ಹೆಚ್ಚುಕಡಿಮೆ ಮಾಡದೆ ಹಿಂದಿಯಲ್ಲಿ ಹೇಳಿದ. ಹೇಳುವಾಗ ಅವನ ನಾಲಿಗೆಯೇ ಅಸಹ್ಯಪಟ್ಟುಕೊಂಡಿತು. ಇನ್ಸ್‌ಪೆಕ್ಟರ್ ಕಟ್ಟೆಯ ಮೇಲಿದ್ದವನನ್ನು ಮೇಲಿಂದ ಕೆಳಗೆ ಒಂದು ಸಲ ನೋಡಿದ. ಗಾಡಿ ಓಡಿಸಿ ನೋಡುವ ಅಗತ್ಯವಿಲ್ಲ, ಹೊಸದಾಗಿ ಬರೆದುಕೊಳ್ಳುತ್ತೇನೆ, ಶೇಠ್ ನೀವು ಠಾಣೆಗೆ ನಡೆಯಿರಿ ಎಂದ. ಜೇಬಿನಿಂದ ಲೈಸೆನ್ಸು ತೆಗೆದು, ಕೊಡಲೆಂದು ಕಂಬದ ಕಡೆ ತಿರುಗಿದ.

ಕಂಬದ ಹತ್ತಿರ ಯಾರೂ ಇರಲಿಲ್ಲ. ಖಂಡಪ್ಪ ಅಷ್ಟರಲ್ಲಾಗಲೇ ಹತ್ತು ಮಾರು ನಡೆದು ಹೋಗಿ, ಗಾಡಿಗೆ ಎದುರಾಗಿ, ಕೈಕಟ್ಟಿಕೊಂಡು ನಿಂತಿದ್ದ. ಶರೀಫ ಇಂಜಿನ್ ಆರಿಸಿ ಕೀಲಿ ಕಿತ್ತುಕೊಂಡ. ಇನ್ಸ್‌ಪೆಕ್ಟರ್ ಖಂಡಪ್ಪನ ಬಳಿಗೆ ಹೋಗಿ ಲೈಸೆನ್ಸನ್ನು ಮುಂದೆ ಹಿಡಿದ. ಖಂಡಪ್ಪ ಅದನ್ನು ತೆಗೆದುಕೊಳ್ಳಲಿಲ್ಲ, ಇನ್ಸ್‌ಪೆಕ್ಟರನ ಹೆಗಲ ಮೇಲಿಂದ ಕಟ್ಟೆಯ ಕಡೆಗೇ ನೋಡುತ್ತಿದ್ದ.

'ಸಾವಕಾರ್ರ,' ಎಂದು ಕೇಳಿದ, 'ನಾ ಇನ್ನ ಬಾಜೂಕ ಸರೀಲೇನ್ರಿ?'