ಮೂಲೆಗಲ್ಲಿನ ದನಿ

ಅಮೆರಿಕದ ಕ್ಲಾರ್ಕ್ಸ್‌ಬರ್ಗಿನ ಆ ಇನ್ನೂರು ವರ್ಷದ ಕಲ್ಲಿನ ಮನೆಯನ್ನು ಸ್ಮಿತಾ ಹಟ ಹಿಡಿದು ಗಂಡನಿಂದ ಕೊಳ್ಳಿಸಿದ್ದಳು. ೧೯೯೬ರ ಅಕ್ಟೋಬರಿನಲ್ಲಿ ಅದರ ಮೂಲೆಗಲ್ಲು ಬಿರುಕು ಬಿಟ್ಟಿತು. ಹಿಮ ಬೀಳುವ ಮೊದಲು ಬದಲಿಸದಿದ್ದರೆ ಗೋಡೆ ಕುಸಿಯುತ್ತದೆ ಎಂದ ಗೌಂಡಿ ವಾಲ್ಟರ್. ಹಿತ್ತಿಲಲ್ಲಿ ಬಿದ್ದುಹೋಗಿದ್ದ ಹಳೆಯ ಕೊಟ್ಟಿಗೆಯ ಕಲ್ಲುರಾಶಿಯಿಂದ ಸ್ಮಿತಾ ನುಣುಪಾದ ಕೆಂಪು ಕಲ್ಲೊಂದನ್ನು ಆರಿಸಿದಳು.

ವಿಜಾಪುರದಿಂದ ಬಂದಿದ್ದ ಅತ್ತೆ ಶಾಂತಾಬಾಯಿ, ಸಂತೆಯಲ್ಲಿ ಗಡಿಗೆ ಕೊಳ್ಳುವವರ ಹಾಗೆ ಬಗ್ಗಿ ಕಿವಿಗೊಟ್ಟು, ಸುತ್ತಿಗೆಯಿಂದ ಅದನ್ನು ಮೆಲ್ಲಗೆ ಬಾರಿಸಿದರು.

"ಇದು ಬ್ಯಾಡ. ಒಳಗ ಒಡಕ ಐತಿ."

"ಅತ್ತೆ, ಇದು ಕಲ್ಲು, ಮಡಕೆ ಅಲ್ಲ. ಕಲರ್ ಎಷ್ಟು ಚೆನ್ನಾಗಿ ಮ್ಯಾಚ್ ಆಗ್ತಿದೆ ನೋಡಿ!"

"ಸೀರಿ ಆರಸಾಕ ಬಂದೀಯೇನ?"

ಮಾತು ತಿಳಿಯದಿದ್ದರೂ ವಾಲ್ಟರ್ ನಕ್ಕ. ಈ ಮನೆ ಕಟ್ಟಿದವರೂ ಹೀಗೆಯೇ ದನಿ ಕೇಳಿ ಕಲ್ಲು ಆರಿಸುತ್ತಿದ್ದರಂತೆ, ಎಂದ. ಅವನು ಉಳಿಯಿಟ್ಟು ಒಂದೇ ಏಟು ಹಾಕಿದ. ಕೆಂಪು ಕಲ್ಲು ಎರಡು ಹೋಳಾಯಿತು.

ಅತ್ತೆ ರಾಶಿಯನ್ನೆಲ್ಲ ಬಾರಿಸುತ್ತ ಹೋದರು. ಕೊನೆಗೆ ಪಾಚಿಗಟ್ಟಿದ ಒಂದು ಬೂದು ಕಲ್ಲು ಪೂಜೆಯ ಗಂಟೆಯಂತೆ ಣಣ್ ಎಂದಿತು. ಸ್ಮಿತಾ ಮುಖ ಸಿಂಡರಿಸಿದಳು. ಆಮೇಲೆ ಸುತ್ತಿಗೆ ಇಸಿದುಕೊಂಡು ತಾನೇ ಬಾರಿಸಿ, ಕಣ್ಣು ಮುಚ್ಚಿ ಕೇಳಿದಳು.

"ಇದನ್ನೇ ಹಾಕಿಸೋಣ, ಅತ್ತೆ."

ಸಂಜೆ ಕಲ್ಲು ಗೋಡೆ ಸೇರಿತು. ಸ್ಮಿತಾ ಬೆರಳ ಗೆಣ್ಣಿನಿಂದ ತಟ್ಟಿ ನೋಡಿದಳು. ಏನೂ ಕೇಳಲಿಲ್ಲ.

"ಯಾಕತ್ತೆ, ಸುಮ್ಮನಾಗಿಬಿಟ್ಟಿದೆ?"

"ಮನಿ ಭಾರ ಹೊತ್ತೈತಲ್ಲ," ಎಂದರು ಶಾಂತಾಬಾಯಿ, ಸೆರಗಿನಿಂದ ಅದರ ಮೇಲಿನ ಧೂಳು ಒರೆಸುತ್ತ.